ಮಲಗಗೊಡದ ಯಂತ್ರ

ತೋಳ ಬಾಯಿ ತೆರೆಯಿತು. ಎದುರಿಗೆ ಕುಳಿತಿದ್ದ ಹುಡುಗನೊಬ್ಬನ ಕೆಳತುಟಿ ಸ್ವಲ್ಪವೇ ಅದುರಿತು. ಅಷ್ಟು ಸಾಕಾಯಿತು. ಚಾವಣಿಯ ಹಳಿಯ ಮೇಲೆ ಸೂತ್ರಯಂತ್ರ ಸರ್ರನೆ ಸರಿದು ದಾರಗಳನ್ನು ಎಳೆಯಿತು. ತೋಳ ತೆರೆದ ಬಾಯಿಯಲ್ಲೇ ಆಕಳಿಸಿ, "ಹೆದರಬೇಡ ಮರೀ, ನನಗೆ ನಿದ್ದೆ ಬಂದಿತ್ತು ಅಷ್ಟೆ. ಬಾ, ಆಡೋಣ" ಎಂದಿತು. ಆಡಿನ ಮರಿ ಕುಣಿಯಿತು. ಹುಡುಗನ ತುಟಿ ನೆಟ್ಟಗಾಯಿತು.

ಗದಗಿನ ಆ ಬಾಲವಾಡಿಯಲ್ಲಿ ದಿನವೂ ನಡೆಯುತ್ತಿದ್ದುದು ಇದೇ. ಮಕ್ಕಳು ಬಟ್ಟೆಯ ಚೂರು, ರಟ್ಟು, ಹುಲ್ಲು ಸೇರಿಸಿ ಗೊಂಬೆ ಮಾಡುತ್ತಿದ್ದರು. ನಜ್ಮಾ ಅಕ್ಕೋರು ಆ ಗೊಂಬೆಗಳಿಗೆ ಯಂತ್ರದ ದಾರ ಬಿಗಿದು ಕಟ್ಟುತ್ತಿದ್ದರು. ಮಕ್ಕಳು ಕಥೆ ಶುರು ಮಾಡಿದರೆ ಯಂತ್ರ ಅದನ್ನು ಮುಂದುವರಿಸುತ್ತಿತ್ತು. ಗೋಡೆಯಲ್ಲಿ ಹುದುಗಿದ್ದ ಭಾವಗ್ರಾಹಕಗಳು, ಅಂದರೆ ಮುಖದ ಸ್ನಾಯುಗಳ ಮಿಡಿತವನ್ನು ಓದುವ ಸಣ್ಣ ಕಣ್ಣುಗಳು, ಅಳು ಹುಟ್ಟುವ ಮೊದಲೇ ಅದರ ಸುಳಿವು ಹಿಡಿಯುತ್ತಿದ್ದವು. ಸುಳಿವು ಸಿಕ್ಕೊಡನೆ ಕಥೆ ದಾರಿ ಬದಲಿಸುತ್ತಿತ್ತು. ಇದಕ್ಕೆ 'ಅಳುನಿವಾರಣೆ' ಎಂದು ಹೆಸರಿಟ್ಟವರು ಅದನ್ನು ಕಂಡುಹಿಡಿದ ಡಾ. ಶ್ರೀವತ್ಸ ಜಾಲಿಹಾಳರು. ಅವರಿಗೆ ಸಭೆ ಕರೆದು ಶಾಲು ಹೊದಿಸಿ ಸನ್ಮಾನಿಸಿದ್ದೂ ಆಯಿತು. ಅಳುವ ಕೂಸನ್ನು ಎತ್ತಿಕೊಳ್ಳಲು ಬೇಸರಪಡುವ ದೊಡ್ಡವರಿಗೆ ಇದಕ್ಕಿಂತ ಹೆಚ್ಚಿನದು ಏನು ಬೇಕಿತ್ತು? ಅಳಿಸದ ಕಥೆ ಬೇಕೆಂದವರಿಗೆ ಕಥೆಯೇ ಬೇಡವಾಗಿತ್ತು ಎಂದು ಹೇಳುವ ಒಬ್ಬ ಪುಣ್ಯಾತ್ಮನೂ ಆ ಸಭೆಯಲ್ಲಿ ಇರಲಿಲ್ಲ.

ಐದು ವರ್ಷದ ಇಂಚರಾ ಈ ಬಾಲವಾಡಿಗೆ ಬರುತ್ತಿದ್ದಳು. ಅವಳ ಅಪ್ಪ ಪ್ರಭು ಕಪ್ಪತಗುಡ್ಡದ ಗಾಳಿಯಂತ್ರಗಳನ್ನು ಹತ್ತಿ ರಿಪೇರಿ ಮಾಡುತ್ತಿದ್ದವನು, ಕಾಲು ಜಾರಿ ಬಿದ್ದು ತೀರಿಕೊಂಡಿದ್ದ. ಮಣ್ಣು ಕೊಡುವ ದಿನ ಮನೆಯ ಹಿರಿಯರು ಕೂಸಿಗೆ ಇದನ್ನೆಲ್ಲ ತೋರಿಸಬಾರದೆಂದು ಅವಳನ್ನು ಬಾಲವಾಡಿಗೆ ಕಳಿಸಿಬಿಟ್ಟರು. ತಾಯಿ ಶೈಲಾ ಆಮೇಲೆ ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಮಗಳು ನಂಬಲಿಲ್ಲ.

"ನೀ ಸುಳ್ಳ ಹೇಳ್ತಿ. ನಮ್ಮ ಬಾಲವಾಡ್ಯಾಗ ಬಿದ್ದಾವ್ರೆಲ್ಲಾ ಏಳ್ತಾರ" ಎಂದಳು. ಅಪ್ಪ ಬಂದ ಮೇಲೆ ಉಣ್ಣುತ್ತೇನೆಂದು ತಾಟು ಮುಂದಿಟ್ಟುಕೊಂಡು ಬಾಗಿಲಲ್ಲಿ ಕೂತಳು. ಗದರಿಸಿದರೆ ಎರಡು ತುತ್ತು ನುಂಗುವಳು, ಅಷ್ಟೆ. ದಿನ ಕಳೆದಂತೆ ಮಗುವಿನ ಮುಖ ಬತ್ತಿಹೋಯಿತು. ಹೀಗೇ ಬಿಟ್ಟರೆ ಮಗಳೂ ಕೈಬಿಟ್ಟು ಹೋಗುತ್ತಾಳೆ ಎಂದು ಶೈಲಾಗೆ ದಿಗಿಲಾಯಿತು.

ಜಾಲಿಹಾಳರು ಯಂತ್ರವನ್ನು ನೋಡಲು ಬಂದಿದ್ದ ದಿನವೇ ಅವಳು ಬಾಲವಾಡಿಗೆ ನುಗ್ಗಿದಳು.

"ಇದನ್ನ ಮಾಡಿದಾವ್ರು ನೀವೇನ್ರೀ?"

"ಹೌದ್ರೀ. ನೀವು ಇಂಚರಾನ ತಾಯಿ ಅಲ್ಲೇನು? ನಿಮ್ಮ ಮಗಳ ವಿಷಯದಾಗ ಭಾಳ ಚಲೋ ಫಲಿತಾಂಶ ಬಂದದ. ಅಷ್ಟ ದೊಡ್ಡ ಆಘಾತ ಆದ್ರೂ ಕೂಸು ಒಮ್ಮೆನೂ ಅತ್ತಿಲ್ಲ."

"ಅತ್ತಿಲ್ಲ, ಖರೇ. ಉಂಡೂ ಇಲ್ಲ. ಅದೂ ನಿಮ್ಮ ಫಲಿತಾಂಶದಾಗ ಬರ್ತೈತೇನು?"

ಜಾಲಿಹಾಳರ ನಗು ಸ್ವಲ್ಪ ಮಾಸಿತು. "ನೋಡ್ರಿ ತಾಯೀ, ಇಷ್ಟ ಸಣ್ಣ ಕೂಸಿಗೆ ಸಾವು ಅಂದ್ರ ತಿಳಿಯೂದಿಲ್ಲ. ದೊಡ್ಡಾಕಿ ಆದ ಮ್ಯಾಲ ತಾನೇ ತಿಳ್ಕೊತಾಳ."

"ಅಲ್ಲೀತನಕ ಉಪವಾಸ ಇರ್ಲೇನು? ನಿಮ್ಮ ಗೊಂಬಿ ಒಂದ ಸಲಾನೂ ಸಾಯಂಗಿಲ್ಲ, ಯಾಕ್ರೀ? ಬಿದ್ದಾವ ಬಿದ್ದ ಅಂತ ಹೇಳಾಕ ನಿಮ್ಮ ಯಂತ್ರಕ್ಕ ಬಾಯಿಲ್ಲೇನು?"

ಅದೇ ಹೊತ್ತಿಗೆ ಇಂಚರಾ ಆಟ ಶುರು ಮಾಡಿದ್ದಳು. ಅವಳ ಗೊಂಬೆಗೆ ನೀಲಿ ಬಟ್ಟೆಯ ಅಂಗಿ, ತಲೆಗೆ ಹಳದಿ ರಟ್ಟಿನ ಟೊಪ್ಪಿಗೆ. ಗಾಳಿಯಂತ್ರ ಹತ್ತುವವರ ವೇಷದ ಆ ಗೊಂಬೆ ಯಾರೆಂದು ಶೈಲಾಗೆ ಯಾರೂ ಹೇಳಬೇಕಾಗಿರಲಿಲ್ಲ. ಮಗು ಅದನ್ನು ಕುರ್ಚಿಯ ಬೆನ್ನಿನ ತುದಿಯವರೆಗೆ ಹತ್ತಿಸಿ ಕೈಬಿಟ್ಟಿತು. ಗೊಂಬೆ ನೆಲಕ್ಕೆ ಬಿತ್ತು. ಮಗು ಉಸಿರು ಬಿಗಿಹಿಡಿದು ನೋಡಿತು. ಭಾವಗ್ರಾಹಕಗಳಿಗೆ ಸುಳಿವು ಸಿಕ್ಕಿತು, ದಾರ ಬಿಗಿಯಿತು, ಗೊಂಬೆ ಎದ್ದು ನಿಂತು ಕೈಬೀಸಿತು.

"ನೋಡವ್ವಾ, ಅಪ್ಪ ಎದ್ದ!"

ಶೈಲಾಗೆ ಸಿಟ್ಟು ನೆತ್ತಿಗೇರಿತು. ಸತ್ತವನನ್ನು ಹೀಗೆ ಎಳೆದೆಳೆದು ಕುಣಿಸುವ ಹಕ್ಕು ಇವರಿಗೆ ಯಾರು ಕೊಟ್ಟರು? ಬಟ್ಟೆಯ ಬುಟ್ಟಿಯಲ್ಲಿದ್ದ ಕತ್ತರಿ ಎತ್ತಿಕೊಂಡು ಮುಂದೆ ಹೋದಳು.

"ಮುಟ್ಟಬ್ಯಾಡ್ರೀ! ಕೂಸು ಅಳ್ತದ!" ಎಂದು ಜಾಲಿಹಾಳರು ಕೂಗಿದರು.

"ಅಳ್ಲಿ!"

ದಾರಗಳನ್ನು ಕಚಕಚನೆ ಕತ್ತರಿಸಿದಳು. ಗೊಂಬೆ ಬಿತ್ತು. ತುಂಡಾದ ದಾರದ ತುದಿಗಳು ಮೇಲೆ ಸುಮ್ಮನೆ ತಡಕಾಡಿದವು. ಇಂಚರಾ ಗೊಂಬೆಯ ಪಕ್ಕ ಕೂತು ಅದನ್ನು ಬೆರಳಿನಿಂದ ಅಲುಗಿಸಿದಳು.

"ಅಪ್ಪಾ, ಏಳು." ಸ್ವಲ್ಪ ಹೊತ್ತು ಕಾದು ತಾಯಿಯ ಕಡೆ ತಿರುಗಿದಳು. "ಏಳೂದಿಲ್ಲೇನವ್ವಾ?"

"ಇಲ್ಲ ನನ್ನವ್ವಾ. ಇನ್ನ ಏಳೂದಿಲ್ಲ."

ಮಗು ಅತ್ತಿತು. ಮೂಗು ಬಾಯಿ ಒಂದಾಗುವ ಹಾಗೆ, ತಾಯಿಯ ಸೆರಗನ್ನು ಹಲ್ಲಿನಲ್ಲಿ ಕಚ್ಚಿಕೊಂಡು ಅತ್ತಿತು. ಯಂತ್ರಕ್ಕೆ ಹುಚ್ಚು ಹಿಡಿದಂತಾಯಿತು. ತೋಳವನ್ನು ಕುಣಿಸಿತು, ಆಡನ್ನು ಕುಣಿಸಿತು, ಹಾಡು ಹಾಕಿತು. ನಜ್ಮಾ ಅಕ್ಕೋರು ಸಿಟ್ಟಿನಿಂದ ಹೋಗಿ ಸ್ವಿಚ್ ಆರಿಸಿದರು. ಶೈಲಾ ಮಗಳನ್ನು ಅಪ್ಪಿಕೊಂಡು, ಗಂಡ ಹೋದ ಮೇಲೆ ಮೊದಲ ಸಲ, ತಾನೂ ಗಟ್ಟಿಯಾಗಿ ಅತ್ತಳು.

ಅಳು ಇಳಿದ ಮೇಲೆ ಇಂಚರಾ ಕೇಳಿದಳು, "ಸತ್ತಾವ್ರಿಗೆ ಏನ್ ಮಾಡ್ತಾರ?"

"ಮಣ್ಣ ಕೊಡ್ತಾರ. ಬಂದಾವ್ರೆಲ್ಲಾ ಒಂದೊಂದ ಹಿಡಿ ಹಾಕ್ತಾರ."

"ನಾ ಹಾಕಿಲ್ಲ."

ಅಂಗಳದಲ್ಲಿ ಶೈಲಾ ಕೈಯಿಂದಲೇ ಕುಣಿ ತೋಡಿದಳು. ಇಂಚರಾ ಗೊಂಬೆಯನ್ನು ಮಲಗಿಸಿ, ಟೊಪ್ಪಿಗೆ ಸರಿಮಾಡಿ, ಒಂದು ಹಿಡಿ ಮಣ್ಣು ಹಾಕಿದಳು. ಉಳಿದ ಮಕ್ಕಳೂ ಯಾರೂ ಹೇಳದೆಯೇ ಒಂದೊಂದು ಹಿಡಿ ಹಾಕಿದರು. ಕೈ ತೊಳೆದುಕೊಂಡು ಬಂದ ಇಂಚರಾ, "ಅವ್ವಾ, ಹಸಿವ್ಯಾಗೈತಿ" ಎಂದಳು. ನಜ್ಮಾ ಅಕ್ಕೋರು ತಮ್ಮ ಡಬ್ಬಿಯನ್ನೇ ಬಿಚ್ಚಿ ರೊಟ್ಟಿ ಕೊಟ್ಟರು.

ಜಾಲಿಹಾಳರು ಮಾತ್ರ ಬಾಗಿಲಲ್ಲೇ ನಿಂತಿದ್ದರು. ಒಂದು ಮಗುವಿನ ಮಾತು ಬೇರೆ, ಉಳಿದ ಮಕ್ಕಳಿಗಾದರೂ ಯಂತ್ರ ಬೇಕಲ್ಲ ಎಂದು ಸ್ವಿಚ್ ಹಾಕಲು ಒಳಗೆ ಹೋದರು. ಅಷ್ಟರಲ್ಲಿ ಅಂಗಳದಿಂದ ಒಳಗೆ ಬಂದಿದ್ದ ಮಕ್ಕಳು ತಮ್ಮ ತಮ್ಮ ಗೊಂಬೆಗಳನ್ನು ಅವುಚಿ ಹಿಡಿದುಕೊಂಡು ನಿಂತಿದ್ದರು. ತೋಳವನ್ನು ಕಂಡು ತುಟಿ ಅದುರಿಸಿದ್ದ ಆ ಹುಡುಗ ನೆಲದ ಮೇಲಿದ್ದ ಕತ್ತರಿ ಎತ್ತಿ ಅವರ ಕಡೆ ಚಾಚಿದ. ಅವನ ಇನ್ನೊಂದು ಕೈಯಲ್ಲಿ ಬಿಳಿ ಹತ್ತಿಯ ತಲೆಗೂದಲಿನ ಅಜ್ಜಿಯ ಗೊಂಬೆಯಿತ್ತು.

"ಮಾಮಾ, ನಮ್ಮ ಆಯೀನೂ ಸತ್ತಾಳ. ಇಕೀ ದಾರಾನೂ ಕತ್ತರಸ್ರಿ."

ಅವನ ಹಿಂದೆ ಇನ್ನೊಂದು ಹುಡುಗಿ ನಾಯಿಯ ಗೊಂಬೆ ಹಿಡಿದು ನಿಂತಿದ್ದಳು, ಅವಳ ಹಿಂದೆ ಮತ್ತೊಬ್ಬಳು. ಜಾಲಿಹಾಳರು ಕತ್ತರಿ ಈಸಿಕೊಂಡರು.