ಚೀಟಿಯ ಮೇಲಿಲ್ಲದ ಹೆಸರು

ಕಂಡುಬಿಟ್ಟನೇ? ಇಲ್ಲ... ಕಂಡಿರಲಾರ. ಒಳಗೆ ಕತ್ತಲಿತ್ತಲ್ಲ. ಆದರೆ ಮಗ್ಗದ ಸದ್ದು? ಅಪ್ಪ ಜಗಲಿಯ ಮೇಲೆ ಕೂತಿರುವಾಗ ಒಳಗೆ ನೇಯುತ್ತಿದ್ದವರು ಯಾರು ಎಂದು ಯೋಚಿಸದೆ ಇರುತ್ತಾನೆಯೇ?

ಹಾಲಮ್ಮ ಬಾಗಿಲ ಮರೆಯಲ್ಲಿ ಉಸಿರು ಬಿಗಿಹಿಡಿದು ನಿಂತಳು. ಸೀರೆಗೆಲ್ಲ ಕುರಿಯುಣ್ಣೆಯ ಎಳೆ ಅಂಟಿತ್ತು.

ಹೊರಗೆ ಕಲ್ಲಪ್ಪನ ದನಿ. “ಈರಪ್ಪಮಾವ, ನಿಮ್ಮ ಕಂಬಳಿ ಮೈಸೂರಿನೋರಿಗೆ ಭಾಳ ಹಿಡಿಸೈತೆ, ಕಾಗದ ಬರೆದವ್ರೆ. ಈಚೆಗೆ ಅಂಚು ಒಳ್ಳೆ ಬಿಗಿಯಾಗಿ ಬತ್ತಾ ಐತಲ್ಲ?”

“ವಯಸ್ಸಾಯ್ತಲ್ಲಪ್ಪ... ನಿಧಾನಕ್ಕೆ ನೇಯ್ತೀನಿ,” ಎಂದ ಅಪ್ಪ, ಲಕ್ವ ಹೊಡೆದು ಸೋತ ಬಲಗೈಯನ್ನು ಹೊದಿಕೆಯೊಳಗೆ ಎಳೆದುಕೊಳ್ಳುತ್ತ.

ಅದು ೧೯೭೮. ಬಿ.ಎ. ಓದಿ ಅಜ್ಜಂಪುರಕ್ಕೆ ಮರಳಿದ್ದ ಕಲ್ಲಪ್ಪ, ನೇಕಾರರು ಸಂತೆಯ ದಲ್ಲಾಳಿಗೆ ಕಂಬಳಿ ಹಾಕುವುದನ್ನು ಬಿಡಿಸಿ ಸಂಘ ಕಟ್ಟಿದ್ದ. ರೈಲಿನಲ್ಲಿ ಕೊಳ್ಳುವವರಿಗೇ ನೇರ ಕಳಿಸುತ್ತಿದ್ದ. ಹೊದ್ದವರಿಗೆ ನೇಯ್ದವರು ಗೊತ್ತಿರಬೇಕೆಂದು ಪ್ರತಿ ಕಂಬಳಿಗೂ ಹೆಸರಿನ ಚೀಟಿ ಹೊಲಿಸುತ್ತಿದ್ದ.

ಆದರೆ ಆ ಊರಲ್ಲಿ ಹೆಂಗಸರು ಉಣ್ಣೆ ನೂಲಬಹುದು, ಮಗ್ಗಕ್ಕೆ ಕೂರುವಂತಿಲ್ಲ. ಹೆಣ್ಣು ನೇಯ್ದ ಕಂಬಳಿಯನ್ನು ದೇವರ ಕೆಲಸಕ್ಕೆ ಹಾಸುವುದಿಲ್ಲ. ಗೊತ್ತಾದರೆ ಮಗ್ಗವೇ ಹೋಗುತ್ತದೆ...

ಮುಂದಿನ ವಾರ ಹಾಲಮ್ಮ ಕಂಬಳಿ ಹೊತ್ತು ಸಂಘದ ಕೋಣೆಗೆ ಬಂದಳು. ಕಳಿಸಲು ಜೋಡಿಸಿಟ್ಟವುಗಳಲ್ಲಿ ಅವಳು ನೇಯ್ದದ್ದೂ ಒಂದಿತ್ತು. ಚೀಟಿ ಇತ್ತು, ಹೆಸರಿರಲಿಲ್ಲ!

ಚೀಟಿಯನ್ನು ತಿರುಗಿಸಿ ನೋಡಿದಳು. ಗೊತ್ತಾಗಿದೆ. ನಮ್ಮನ್ನು ಕೈಬಿಡುತ್ತಿದ್ದಾನೆ...

“ಏನವ್ವಾ, ನಿಮ್ಮಪ್ಪಂಗೆ ಕಾಲು ಬಿದ್ದೋಯ್ತಾ, ನೀನೇ ಹೊತ್ಕಂಡ್ ಬಂದೆ?” ಹಿರಿಯ ನೇಕಾರ ಉಗ್ರಪ್ಪ ನಕ್ಕ.

ಅವಳು ಅತ್ತ ತಿರುಗಲಿಲ್ಲ. “ನಮ್ಮಪ್ಪನ ಹೆಸರು ಯಾಕೆ ಬಿಟ್ರಿ ಕಲ್ಲಪ್ನೋರೇ? ಬ್ಯಾಡ ಅಂದ್ರೆ ಬ್ಯಾಡ ಅನ್ನಿ!”

ಕಲ್ಲಪ್ಪ ಆ ಕಂಬಳಿಯನ್ನು ಅವಳ ಮುಂದೆ ಹರಡಿದ.

“ಸುಳ್ಳು ಬರೆಯೋಕೆ ಕೈ ಬರ್ಲಿಲ್ಲ. ನಿಜ ಬರೆಯೋಕೆ ನಿನ್ನ ಕೇಳಿರ್ಲಿಲ್ಲ.” ಪೆನ್ನು ಚಾಚಿದ.

ಉಗ್ರಪ್ಪನ ನಗು ನಿಂತಿತು.

ಬರೆದರೆ ಎಲ್ಲ ಮುಗಿಯುತ್ತದೆ. ಬರೆಯದಿದ್ದರೆ... ಜೀವಮಾನವೆಲ್ಲ ಬಾಗಿಲ ಮರೆ. ನಾಲ್ಕನೇ ಕ್ಲಾಸಿನ ಗುಂಡಕ್ಷರದಲ್ಲಿ ಬರೆದಳು: ಹಾಲಮ್ಮ.

“ಲೇ ಕಲ್ಲಾ! ಇದನ್ನೂ ಕಳಿಸ್ತೀಯೇನೋ? ಹಂಗಾದ್ರೆ ನನ್ನವು ವಾಪಸ್ ಕೊಡು!”

“ತಗಂಡೋಗಿ ಉಗ್ರಪ್ಪಣ್ಣ. ಇದು ಹೋಗ್ತದೆ.”

ಉಗ್ರಪ್ಪ ಮೂರು ಕಂಬಳಿ ಹೆಗಲಿಗೇರಿಸಿಕೊಂಡು ಹೊರಟೇ ಹೋದ.

ಹಾಲಮ್ಮನ ಕಣ್ಣು ತುಂಬಿತು. “ಊರಿಗೆಲ್ಲ ಹೇಳ್ತಾನೆ. ಇನ್ನು ನನ್ನ ಯಾರು ಮನೆಗೆ ಸೇರಿಸ್ಕಂತಾರೆ? ಆದ್ರೂ ಮಗ್ಗ ಬಿಡಲ್ಲ ನಾನು.”

“ಬಿಡು ಅಂದೋರ್ಯಾರು?” ಅವನು ನೆಲ ನೋಡುತ್ತ ಕೇಳಿದ, “ಮಾವನ ಮಗ್ಗದ ಗುಂಡೀಲಿ ಕಾಲು ಇಳಿಬಿಟ್ರೆ ನಿಂಗೆ ನೆಲ ಎಟುಕ್ತದಾ?”

“ಇಲ್ಲ. ಕಾಲ ಕೆಳಗೆ ಕಲ್ಲು ಇಟ್ಕಂಡೀನಿ. ಯಾಕೆ?”

“ನಮ್ಮನೆ ಪಡಸಾಲೇಲಿ ಒಂದು ಮಗ್ಗದ ಗುಂಡಿ ತೋಡಿಸ್ಬೇಕು. ಅವ್ವನ್ನ ಕೇಳಿದೀನಿ, ಹೂಂ ಅಂದವ್ಳೆ. ಮಾವನ ಹಾಸಿಗೆಗೂ ಜಾಗ ಐತೆ. ನಿನ್ನ ಅಳತೆ ಹೇಳಿದ್ರೆ...”

ಅವಳು ಪಿಳಿಪಿಳಿ ನೋಡಿದಳು. ಅರ್ಥವಾಗುತ್ತಲೇ ಕಿವಿಯವರೆಗೂ ಕೆಂಪಾದಳು.

“ಒಂದೂವರೆ ಮೊಳ ಸಾಕು... ಜಾಸ್ತಿ ತೋಡಿಸಿಬಿಟ್ಟೀರಾ, ಮತ್ತೆ!”

“ಇಲ್ಲ ಕಣೇ.”

ನನ್ನನ್ನು ಮದುವೆಯಾಗುತ್ತೀಯಾ ಎಂದು ಕಲ್ಲಪ್ಪ ಅಂದೂ ಕೇಳಲಿಲ್ಲ, ಆಮೇಲೆಂದೂ ಕೇಳಲಿಲ್ಲ.