ಬಾಗಿಲು ಮುಚ್ಚದ ಜೀಪು

ದನದ ಡಾಕ್ಟರಮ್ಮನಿಗೆ ಗಾಡಿ ಇರಲಿಲ್ಲ.

ಗುಡ್ಡದ ಮೇಲಿನ ಹನ್ನೊಂದು ಹಳ್ಳಿಗಳ ದನಕರು ಅವಳ ಪಾಲಿಗಿದ್ದವು. ಹೋದ ವರ್ಷ ಇಲಾಖೆಯ ಜೀಪು ಏರಿನಲ್ಲಿ ಹಿಂದಕ್ಕೆ ಜಾರಿ ಕಂದಕಕ್ಕೆ ಬಿತ್ತು. ಅವಳು ಬಾಗಿಲು ತೆಗೆದು ಹಾರಿಕೊಂಡಳು. ಡ್ರೈವರ್ ಕಾಲು ಕಳೆದುಕೊಂಡ. ಇಲಾಖೆ ಬೇರೆ ಗಾಡಿ ಕೊಡಲಿಲ್ಲ, ಸ್ವಂತದ್ದು ಮಾಡಿಕೊಳ್ಳಿ ಎಂದು ಒಂದು ಕಾಗದ ಕೊಟ್ಟಿತು.

ಹಾಗಾಗಿ ಆ ಬೆಳಿಗ್ಗೆ ಅವಳು ಭಾವನ ಗ್ಯಾರೇಜಿನಲ್ಲಿ, ಮಾರಾಟಕ್ಕಿದ್ದ ಹಸಿರು ಜೀಪಿನೊಳಗೆ ಸ್ಟೀರಿಂಗ್ ಹಿಡಿದು ಕೂತಿದ್ದಳು.

"ಇಳೀರಿ!"

ಗ್ರೀಸ್ ಮೆತ್ತಿದ ಕೈಯೊಂದು ಕಿಟಕಿಯಿಂದ ತೂರಿ ಬಂದು ಕೀ ಕಿತ್ತುಕೊಂಡಿತು.

"ಯಾರ್ರೀ ನೀವು?"

"ಇಲ್ಲಿಯ ಮೇಸ್ತ್ರಿ." ಅವನು ಅವಳ ಮುಖ ನೋಡಲಿಲ್ಲ. ಜೀಪಿನ ಅಡಿ ನೋಡಿದ. "ಈ ಗಾಡಿ ಬೇಡ. ಹೊಸದು ಬುಕ್ ಮಾಡಿ."

"ಯಾಕೆ?"

"ಬೇಡ ಅಂದೆನಲ್ಲ!"

ಹಿಂದಿನಿಂದ ಭಾವ ನಗುತ್ತಾ ಬಂದ. "ಅವನ ಮಾತಿಗೆ ಹೆದರ್ಬೇಡಮ್ಮ. ಹೊಸ ಗಾಡಿ ಹೊಸ ಅಳಿಯ ಇದ್ದ ಹಾಗೆ, ವರ್ಷವೆಲ್ಲ ಒರೆಸ್ತಾ ಕೂರ್ಬೇಕು. ಹಳೇದು ನನ್ನ ಥರ. ನಿಮ್ಮಕ್ಕ ಎಷ್ಟು ಬೈದ್ರೂ ಓಡ್ತಾನೇ ಇರ್ತೀನಿ!"

ಹೊಸದಕ್ಕೆ ನಾಲ್ಕು ತಿಂಗಳು ಕಾಯಬೇಕಿತ್ತು. ಕರುಗಳಿಗೆ ಜ್ವರ ಶುರುವಾಗಿತ್ತು. ಜ್ವರ ಬುಕಿಂಗ್ ನೋಡಿಕೊಂಡು ಬರುವುದಿಲ್ಲ.

ಭಾವನೇ ಒಂದು ದಾರಿ ಹೇಳಿದ. ಗ್ಯಾರೇಜಿನ ಹಳೆಯ ಪಿಕಪ್‌ನಲ್ಲಿ ಮೇಸ್ತ್ರಿ ಅವಳಿಗೆ ಏರು ಇಳಿಜಾರಿನಲ್ಲಿ ಗಾಡಿ ಓಡಿಸುವುದು ಕಲಿಸಲಿ, ಆಮೇಲೆ ಜೀಪಿನ ಮಾತು.

ಎರಡು ವಾರ ಕಲಿಸಿದ. ಇಳಿಜಾರು ಕಂಡರೆ ಅವಳು ಗಾಡಿ ನಿಲ್ಲಿಸಿಬಿಡುತ್ತಿದ್ದಳು. ಅವನು ನಗಲಿಲ್ಲ.

"ಹೆದರಿಕೆ ಇರ್ಲಿ ಡಾಕ್ಟ್ರೇ. ಹೆದರಿಕೆ ಇಲ್ಲದವರ ಗಾಡಿಗಳೇ ನಮ್ಮ ಗ್ಯಾರೇಜಿಗೆ ಬರೋದು."

ಆ ಮಾತು ಅವಳಿಗೆ ಹಿಡಿಸಿತು. ಮಾತಾಡಿದ ಬಾಯಿಯೂ ಹಿಡಿಸಿತು... ಅದನ್ನು ಅವಳು ಒಪ್ಪಿಕೊಳ್ಳಲಿಲ್ಲ.

ಆದರೆ ಜೀಪಿನ ಸುದ್ದಿ ಎತ್ತಿದರೆ ಮಾತ್ರ ಅವನ ಮುಖ ಗಂಟಾಗುತ್ತಿತ್ತು. ಹೊಸದು ತಗೊಳ್ಳಿ, ಅಷ್ಟೇ. ಕಾರಣ ಕೇಳಿದರೆ ಬಾಯಿಗೆ ಬೀಗ.

"ಕಾರಣ ನಾನು ಹೇಳ್ತೀನಿ," ಎಂದ ಭಾವ, ಒಂದು ದಿನ ಊಟಕ್ಕೆ ಕೂತಾಗ. "ಶೋರೂಮಿನವರು ಅವನಿಗೆ ಕಮಿಷನ್ ಕೊಡ್ತಾರೆ. ನನ್ನ ಅನ್ನ ತಿಂದು ಅವರ ಕೆಲಸ ಮಾಡ್ತಾನೆ."

ಅವಳ ಕೈಯ ತುತ್ತು ಅಲ್ಲೇ ನಿಂತಿತು. ಓಹೋ! ಎರಡು ವಾರದ ಆ ತಾಳ್ಮೆಗೂ ಬೆಲೆ ಇತ್ತೇ?

ಮರುದಿನ ಮೇಸ್ತ್ರಿಗೆ ಹೇಳದೆ, ಭಾವನಿಂದ ಕೀ ಪಡೆದು, ಜೀಪು ಹತ್ತಿ ಒಬ್ಬಳೇ ಹೊರಟಳು. ಗ್ಯಾರೇಜಿನ ಹಿಂದೆಯೇ ಗುಡ್ಡದ ದಾರಿ. ಒಂದು ತಿರುವು ಹತ್ತಿ ಬಂದರೆ ಸಾಕು, ಇಂದೇ ಜೀಪು ಕೊಳ್ಳುವ ಕಾಗದಕ್ಕೆ ಸಹಿ.

ತಿರುವಿನಲ್ಲಿ ಮುಂದಿನ ಒಂದು ಚಕ್ರ ಬಂಡೆ ಹತ್ತಿತು. ಸೀಟಿನ ಅಡಿಯಲ್ಲಿ 'ಟಕ್' ಎಂದಿತು.

ಸಣ್ಣ ಸದ್ದು. ಆದರೆ ಅವಳು ಬ್ರೇಕ್ ತುಳಿದುಬಿಟ್ಟಳು. ಇಂಜಿನ್ ಸತ್ತಿತು. ಹ್ಯಾಂಡ್‌ಬ್ರೇಕ್ ಎಳೆದಳು, ಆದರೂ ಬ್ರೇಕಿನ ಕಾಲು ಸಡಿಲಿಸಿದರೆ ಜೀಪು ತುಸು ಹಿಂದಕ್ಕೆ ಸರಿಯಿತು. ಎಡಕ್ಕೆ ಕಂದಕ. ಹಾರಲೆಂದು ಬಾಗಿಲು ತೆಗೆದಳು. ಹಾರಲು ಬ್ರೇಕ್ ಬಿಡಬೇಕು. ಬಿಟ್ಟರೆ?

ಬಾಗಿಲು ಎಳೆದುಕೊಂಡಳು. ಮುಚ್ಚಲಿಲ್ಲ. ಮತ್ತೆ ಎಳೆದಳು. ಎರಡು ಬೆರಳಷ್ಟು ಹೊರಗೇ ನಿಂತಿತು. ಗ್ಯಾರೇಜಿನಲ್ಲಿ ಸಲೀಸಾಗಿ ಮುಚ್ಚಿದ ಬಾಗಿಲು!

ಎಷ್ಟು ಹೊತ್ತು ಹಾಗೇ ಕೂತಿದ್ದಳೋ. ಬ್ರೇಕಿನ ಮೇಲಿದ್ದ ಕಾಲು ಜೋಮು ಹಿಡಿಯಿತು.

ಜೀಪು ಇಲ್ಲದ್ದು ಕಂಡು ಮೇಸ್ತ್ರಿ ಓಡಿಬಂದ. ಹಿಂದಿನ ಎರಡೂ ಚಕ್ರಕ್ಕೆ ಕಲ್ಲು ಕೊಟ್ಟು, ಒದ್ದು ನೋಡಿ ಬಾಗಿಲ ಬಳಿ ಬಂದ.

"ಕಾಲು ತೆಗೀರಿ."

"ಆಗಲ್ಲ."

"ನನ್ನ ನಂಬಿ."

"ನಂಬಲ್ಲ!" ಅವಳು ಕಿರುಚಿದಳು. "ಕಮಿಷನ್ ತಗೊಳ್ಳೋರನ್ನ ನಂಬ್ಬೇಕಾ?"

ಯಾವ ಕಮಿಷನ್ ಎಂದು ಅವನಿಗೆ ಅರ್ಥವಾಗಲಿಲ್ಲ. ಮೊಣಕಾಲೂರಿ ಅವಳ ಪಾದ ಹಿಡಿದ. "ಒಂದು... ಎರಡು..." ಎಂದು ಎತ್ತಿದ.

ಜೀಪು ಒಂದು ಬೆರಳು ಹಿಂದೆ ಸರಿಯಿತು. ಕಲ್ಲಿಗೆ ಒರಗಿ ನಿಂತಿತು.

ಕೆಳಗಿಳಿದ ಅವಳು ದಾರಿಯ ಪಕ್ಕ ಕೂತಳು. ಅವನು ಜೀಪಿನಡಿ ಮಲಗಿ ಸ್ಪ್ಯಾನರ್‌ನಿಂದ ಕಪ್ಪು ಬಣ್ಣ ಕೆರೆದ.

"ಬಗ್ಗಿ ನೋಡಿ."

ಬಣ್ಣದಡಿಯಲ್ಲಿ ವೆಲ್ಡಿಂಗ್ ಗೆರೆ. ಅದರ ಪಕ್ಕದಲ್ಲಿ ಕೂದಲೆಳೆಯಷ್ಟು ಬಿರುಕು.

"ಪಲ್ಟಿ ಹೊಡೆದ ಗಾಡಿ. ಅಡಿಯ ಚೌಕಟ್ಟು, ಈ ಚಾಸಿ, ಸೀಳಿತ್ತು. ಬೆಸುಗೆ ಹಾಕಿದವನು ನಾನು, ಬಣ್ಣ ಬಳಿದವನೂ ನಾನೇ. ಒಂದು ಚಕ್ರ ಮೇಲೆದ್ದರೆ ಚಾಸಿ ತಿರುಚ್ಕೊಳ್ಳತ್ತೆ, ಬಾಗಿಲು ಕೂರಲ್ಲ. ನಿಮ್ಮ ಭಾವ ಮೂಳೆ ಕೂಡಿದ ಹಾಗೆ, ಮೊದಲಿಗಿಂತ ಗಟ್ಟಿ ಅಂದ್ರು. ನಾನೂ ಹಾಗೇ ಅಂದ್ಕೊಂಡಿದ್ದೆ. ನೀವು ಅದರಲ್ಲಿ ಕೂತಿದ್ದು ನೋಡಿದ ದಿನದಿಂದ... ಹಾಗನ್ನಿಸ್ಲಿಲ್ಲ."

"ಬೇರೆಯವರು ಕೂತಿದ್ರೆ?"

ಅವನು ಸ್ಪ್ಯಾನರ್ ಒರೆಸತೊಡಗಿದ.

"ಹೇಳಿ ಮೇಸ್ತ್ರಿ. ಬೇರೆಯವರು ಸತ್ರೆ ಪರವಾಗಿಲ್ವಾ?"

"ಆ ಪ್ರಶ್ನೆ ನಾನು ಕೇಳ್ಕೊಂಡಿರ್ಲಿಲ್ಲ," ಎಂದ ಅವನು. "ಬಾಯಿ ಬಿಟ್ರೆ ಕೆಲಸ ಹೋಗತ್ತೆ ಅಂತ ಹೆದರಿದ್ದೆ. ಅಷ್ಟೇ."

ಪ್ರೀತಿಗಿಂತ ಮೊದಲು ಅವಳಿಗೆ ಸಿಟ್ಟು ಬಂತು. ಅದು ಇಳಿಯಲು ಎರಡು ದಿನ ಬೇಕಾಯಿತು.

ಆ ಎರಡು ದಿನದಲ್ಲಿ ಭಾವ ಇನ್ನೊಬ್ಬ ಗಿರಾಕಿಯನ್ನು ಹಿಡಿದಿದ್ದ. ಗುಡ್ಡದ ಶಾಲೆಯ ಮೇಷ್ಟ್ರು. ಮಕ್ಕಳನ್ನು ಕರೆತರಲು ಅವರಿಗೆ ಜೀಪು ಬೇಕಿತ್ತು. ಮೇಷ್ಟ್ರು ಬಂದ ದಿನ ಮೇಸ್ತ್ರಿ ಅವರ ಕೈ ಹಿಡಿದು ಜೀಪಿನಡಿಗೆ ಬಗ್ಗಿಸಿದ. ಡಾಕ್ಟರಮ್ಮ ಟಾರ್ಚ್ ಹಿಡಿದು ನಿಂತಿದ್ದಳು.

ಭಾವ ಆ ದಿನ ತಮಾಷೆ ಮಾಡಲಿಲ್ಲ. "ಇಬ್ಬರೂ ಆಚೆ ನಡೀರಿ," ಎಂದ.

ಅಕ್ಕ ಫೋನಿನಲ್ಲಿ ಅತ್ತಳು. "ನಿನ್ನ ಭಾವನ ಹೊಟ್ಟೆ ಮೇಲೆ ಹೊಡೆದೆಯಲ್ಲೇ! ಇನ್ನು ಈ ಕಡೆ ಬರ್ಬೇಡ."

ಮರುದಿನ ಡಾಕ್ಟರಮ್ಮ ಹೊಸ ಗಾಡಿ ಬುಕ್ ಮಾಡಿ, ಔಷಧಿಯ ಚೀಲ ಹೊತ್ತು ಗುಡ್ಡದ ದಾರಿ ಹಿಡಿದಳು. ಅರ್ಧ ಏರಿನಲ್ಲಿ ಹಿಂದೆ ಹೆಜ್ಜೆ ಸದ್ದು.

"ಕಾಂಪೌಂಡರ್ ಬೇಕಾ ಡಾಕ್ಟ್ರೇ? ಕೆಲಸ ಹೋಗಿದೆ."

"ದನ ಒದೆಯತ್ತೆ."

"ನಿಮ್ಮ ಭಾವನಷ್ಟು ಒದೆಯಲ್ಲ ಬಿಡಿ."

ಅವಳಿಗೆ ನಗು ಬಂತು. ಅವನು ಚೀಲ ಇಸಿದುಕೊಂಡ. ಇಬ್ಬರೂ ಇನ್ನೊಂದು ತಿರುವು ಹತ್ತಿದರು.

"ಇನ್ನೊಂದು ಮುಚ್ಚಿಟ್ಟಿದೀನಿ," ಎಂದ ಅವನು, ನೆಲ ನೋಡುತ್ತಾ.

ಅವಳು ನಿಂತು ತಿರುಗಿದಳು. "ಇನ್ನೇನು?"

"ದಿನಾ ಕಲಿತು ಮುಗಿಸಿ ನೀವು ಮನೆಗೆ ನಡೆದು ಹೋಗ್ತಿದ್ರಲ್ಲ... ಬೀದಿ ಕೊನೆ ದಾಟೋ ತನಕ ನಾನು ನಿಂತು ನೋಡ್ತಿದ್ದೆ."

"ಗೊತ್ತು," ಎಂದಳು ಅವಳು. "ಅದಕ್ಕೇ ನಿಧಾನ ನಡೀತಿದ್ದೆ."

ಹೊಸ ಗಾಡಿ ಬರುವಷ್ಟರಲ್ಲಿ ಹೋದದ್ದು ಇಷ್ಟು: ಅವನ ಕೆಲಸ, ಅಕ್ಕನ ಮನೆಗೆ ಹೋಗಿಬರುವುದು, ಅವಳು ನಡೆದು ತಲುಪುವ ಹೊತ್ತಿಗೆ ಸತ್ತಿದ್ದ ಮೂರು ಕರು, ಒಂದು ಹಸು.