ಹಾಜರಿ ಕೊಟ್ಟ ಮಾರ್ಕ್ಸು

“ಏಯ್, ಚಿಟ್ಟೆ ನೋಡು! ಮೌಸ್ ಎಲ್ಲಿ ಹೋದ್ರೂ ಹಿಂದೇನೇ ಬರುತ್ತೆ!”

ಕಂಪ್ಯೂಟರ್ ಲ್ಯಾಬಿನಲ್ಲಿ ನಾಲ್ಕನೇ ಕ್ಲಾಸಿನ ಹುಡುಗ ಕುರ್ಚಿಯಿಂದ ಅರ್ಧ ಎದ್ದೇ ಬಿಟ್ಟಿದ್ದ. ಪಕ್ಕದಲ್ಲಿದ್ದ ಹಾಜರಿ ಕತ್ತು ಉದ್ದ ಮಾಡಿ ನೋಡಿದಳು. ಹೊಟ್ಟೆ ಉರಿಯಿತು. ಅವಳ ಪರದೆಯ ಮೇಲೆ ಚಿಟ್ಟೆ ಹಾಗಿರಲಿ, ಒಂದು ನೊಣವೂ ಇರಲಿಲ್ಲ.

ಅವಳ ನಿಜವಾದ ಹೆಸರು ಬೇರೆ. ಶಾಲೆಗೆ ಸೇರಿದಾಗಿನಿಂದ ಒಂದು ದಿನವೂ ರಜೆ ಹಾಕದ್ದಕ್ಕೆ ಕ್ಲಾಸಿನವರು ಇಟ್ಟ ಹೆಸರು ಹಾಜರಿ. ಜ್ವರ ಕೂಡ ಅವಳಿಗೆ ಭಾನುವಾರ ನೋಡಿಕೊಂಡೇ ಬರುತ್ತಿತ್ತು. ಈ ಹೆಗ್ಗಳಿಕೆಯಿಂದಲೇ ಇವತ್ತು ಅವಳಿಗೆ ಜಡ್ಜ್ ಪಟ್ಟ ಸಿಕ್ಕಿತ್ತು.

ಶಾಲೆಯ ಟೀಚರುಗಳೆಲ್ಲ ತಮ್ಮ ತಮ್ಮ ಕ್ಲಾಸಿಗೆ ಒಂದೊಂದು ವೆಬ್‌ಸೈಟ್ ಮಾಡಿದ್ದರು. ಅವು ಹೇಗಿವೆ ಅಂತ ಮಕ್ಕಳೇ ಮಾರ್ಕ್ಸ್ ಕೊಡಲಿ ಎಂದರು ಹೆಡ್ ಮೇಡಂ. ಯಾವ ಮಕ್ಕಳು? ಒಂದು ದಿನವೂ ತಪ್ಪಿಸಿಕೊಳ್ಳದ ಮಕ್ಕಳು. ಕ್ಲಾಸಿನ ವಿಷಯ ಅವರಿಗಲ್ಲದೆ ಇನ್ಯಾರಿಗೆ ಚೆನ್ನಾಗಿ ಗೊತ್ತಿರುತ್ತದೆ?

“ನಿಮ್ಮ ಮಿಸ್ ಅಂತ ಸುಮ್ಸುಮ್ನೆ ಮಾರ್ಕ್ಸ್ ಹಾಕಬೇಡಿ,” ಎಂದು ಕಂಪ್ಯೂಟರ್ ಸಾರ್ ಮೊದಲೇ ಹೇಳಿದ್ದರು. “ಎಲ್ಲಕ್ಕಿಂತ ಕಡಿಮೆ ಬಂದಿದ್ದನ್ನ ತೆಗೆದುಹಾಕಿ, ಗೆದ್ದಿರೋದರ ಥರಾನೇ ಹೊಸದು ಮಾಡ್ಕೊಡ್ತೀನಿ.”

ತೆಗೆದರೆ ಒಳ್ಳೆಯದೇ ಎನಿಸಿತು ಹಾಜರಿಗೆ. ಅವಳ ಐದನೇ ಕ್ಲಾಸಿನ ವೆಬ್‌ಸೈಟ್ ಅಂದರೆ ಬಿಳಿ ಹಾಳೆ, ಕಪ್ಪು ಅಕ್ಷರ, ಅಷ್ಟೇ. ಫೋಟೋ ಇಲ್ಲ, ಹಾಡಿಲ್ಲ. ಮಿಸ್ ದಿನಾ ನಾಲ್ಕು ಸಾಲು ಬರೆದು ಕೈ ತೊಳೆದುಕೊಂಡಿದ್ದರು.

‘ಇವತ್ತು ಭಿನ್ನರಾಶಿ ಶುರು. ಒಂದು ಕಾಗದವನ್ನು ನಾಲ್ಕು ಸಮ ಭಾಗವಾಗಿ ಮಡಿಸಿ, ಒಂದು ಭಾಗಕ್ಕೆ ಬಣ್ಣ ಹಚ್ಚಿ. ಕೂತಲ್ಲೇ ಮಾಡಬಹುದು.

ವಿಜ್ಞಾನದ ಪಾಠದ ಮಧ್ಯೆ ಒಂದು ಕಾಗೆ ಒಳಗೆ ಬಂದು ಗ್ಲೋಬಿನ ಮೇಲೆ ಕೂತಿತು. ಗ್ಲೋಬ್ ತಿರುಗಿತು. ಕಾಗೆಯೂ ತಿರುಗಿತು. ನಕ್ಕು ನಕ್ಕು ಸುಸ್ತಾದೆವು.

ಕಿಟಕಿ ಪಕ್ಕದ ಜಾಗ ಹಾಗೇ ಇದೆ.’

ಹಾಜರಿ ಹಿಂದಿನ ದಿನದ್ದು ನೋಡಿದಳು. ಅದರ ಹಿಂದಿನ ದಿನದ್ದು ನೋಡಿದಳು. ಎಲ್ಲದರ ಕೊನೆಯಲ್ಲೂ ಅದೇ ಸಾಲು, ಕಿಟಕಿ ಪಕ್ಕದ ಜಾಗ ಹಾಗೇ ಇದೆ. ಜಾಗಕ್ಕೇನು ಕಾಲು ಬರುತ್ತಾ, ಎದ್ದು ಹೋಗೋಕೆ? ಕಾಗೆಯನ್ನಂತೂ ಇಡೀ ಕ್ಲಾಸೇ ನೋಡಿತ್ತು. ನೋಡಿದವರಿಗೇ ಮತ್ತೆ ಯಾಕೆ ಹೇಳುವುದು?

ಮಿಸ್ ಈಚೆಗೆ ಸ್ವಲ್ಪ ವಿಚಿತ್ರವಾಗಿಯೇ ಆಡುತ್ತಿದ್ದರು. ಕಿಟಕಿ ಪಕ್ಕದಲ್ಲಿ ಕೂರುತ್ತಿದ್ದವಳು ಮಿಡತೆ. ಯಾವಾಗಲೂ ನೆಗೆಯುತ್ತಿದ್ದುದರಿಂದ ಅವಳಿಗೆ ಆ ಹೆಸರು. ಮೆಟ್ಟಿಲಿನಿಂದ ನೆಗೆದು ಕಾಲು ಮುರಿದುಕೊಂಡು ಈಗ ಮನೆಯಲ್ಲಿದ್ದಳು. ಜಾಗ ಖಾಲಿ ಇದೆಯಲ್ಲ ಎಂದು ಹಾಜರಿ ಅಲ್ಲಿ ತನ್ನ ಬ್ಯಾಗ್ ಇಟ್ಟರೆ, ಮಿಸ್ ಮೆತ್ತಗೆ, “ಅಲ್ಲಿ ಬೇಡ ಪುಟ್ಟಾ,” ಅಂದಿದ್ದರು. ಖಾಲಿ ಜಾಗದಲ್ಲಿ ಬ್ಯಾಗ್ ಇಟ್ಟರೆ ಏನು ಗಂಟು ಹೋಗುತ್ತದೆ ಎಂದು ಹಾಜರಿಗೆ ಅರ್ಥವಾಗಿರಲಿಲ್ಲ. ಮಿಸ್ ಬೋರ್ಡಿನ ಕಡೆ ತಿರುಗಿದಾಗ ಮತ್ತೆ ಅಲ್ಲೇ ಇಟ್ಟಿದ್ದಳು.

ಅವಳು ಪೆನ್ಸಿಲ್ ಹಿಡಿದು, ಸಾರ್ ಕೊಟ್ಟಿದ್ದ ಮಾರ್ಕ್ಸ್ ಹಾಳೆ ತುಂಬಿದಳು. ಬಣ್ಣಕ್ಕೆ ಒಂದು. ಚಿತ್ರಕ್ಕೆ ಸೊನ್ನೆ. ‘ಬೇಡದ ಮಾಹಿತಿ ಇದೆಯೇ?’ ಎಂಬುದರ ಮುಂದೆ ‘ಇದೆ. ತುಂಬಾ’ ಎಂದು ಬರೆದಳು. ಕೊನೆಯ ಪ್ರಶ್ನೆಗೆ ಬಂದು ಪೆನ್ಸಿಲ್ ನಿಂತಿತು. ‘ಈ ವೆಬ್‌ಸೈಟ್ ಯಾರಿಗಾಗಿ?’

“ಸಾರ್, ಯಾರಿಗಾಗಿ ಅಂದ್ರೆ?”

“ಮಕ್ಕಳಿಗಾಗಿ ಅಂತ ಬರಿ.”

“ಯಾವ ಮಕ್ಕಳಿಗೆ ಸಾರ್? ನಾವೆಲ್ಲ ಕ್ಲಾಸಲ್ಲೇ ಇರ್ತೀವಲ್ಲ?”

ಕಂಪ್ಯೂಟರ್ ಸಾರ್ ತಲೆ ಕೆರೆದುಕೊಂಡರು. “ಮನೆಗೆ ತಗೊಂಡ್ಹೋಗಿ ಯೋಚನೆ ಮಾಡಮ್ಮ. ನಾಳೆ ಬೆಳಿಗ್ಗೆ ಕೊಡು. ಈಗ ನನ್ನ ತಲೆ ತಿನ್ನಬೇಡ.”

ಮನೆಯಲ್ಲಿ ಅಮ್ಮ ಬಟ್ಟೆ ಮಡಿಸುತ್ತಿದ್ದಳು.

“ಅಮ್ಮಾ, ನಮ್ಮ ಕ್ಲಾಸಿನ ವೆಬ್‌ಸೈಟ್ ನೀನು ನೋಡ್ತೀಯಾ?”

“ನಂಗ್ಯಾಕೆ? ಬೇಡ ಅಂದ್ರೂ ಎಲ್ಲಾ ನೀನೇ ಬಂದು ಒದರ್ತೀಯಲ್ಲ. ಹೋಗು, ಕೆಳಗಡೆ ಮನೆಯವರ ಛತ್ರಿ ವಾಪಸ್ ಕೊಟ್ಟು ಬಾ.”

ಕೆಳಗಡೆ ಮನೆ ಅಂದರೆ ಮಿಡತೆಯ ಮನೆ. ಹಾಜರಿಯ ಕಾಲು ಮೆಟ್ಟಿಲ ಮೇಲೆ ತಡವರಿಸಿತು. ಕಾಲು ಮುರಿದ ಹೊಸದರಲ್ಲಿ ಒಮ್ಮೆ ಹೋಗಿದ್ದಳು, ಅಷ್ಟೇ. ಏನು ಮಾತಾಡುವುದೆಂದು ತೋಚದೆ ಆಮೇಲೆ ಹೋಗಿರಲೇ ಇಲ್ಲ.

ಅಜ್ಜಿ ಬಾಗಿಲು ತೆಗೆದರು. “ಬಾ ತಾಯಿ, ಅಪರೂಪ ಆಗ್ಬಿಟ್ಟೆ!”

ಒಳಗೆ ಮಿಡತೆ ಪ್ಲಾಸ್ಟರ್ ಹಾಕಿದ ಕಾಲನ್ನು ದಿಂಬಿನ ಮೇಲಿಟ್ಟು, ಅಜ್ಜಿಯ ಫೋನ್ ಹಿಡಿದು ಕೂತಿದ್ದಳು. ಹಾಜರಿಯನ್ನು ಕಂಡದ್ದೇ ತಡ, “ಕಾಗೆ ಎಷ್ಟು ಸುತ್ತು ತಿರುಗ್ತು? ಮಿಸ್ ಅದನ್ನೇ ಬರೆದಿಲ್ಲ!” ಅಂದಳು.

ಹಾಜರಿ ಛತ್ರಿ ಹಿಡಿದು ಹಾಗೇ ನಿಂತಳು. “ಕಾಗೆ ವಿಷ್ಯ ನಿಂಗೆ ಹೇಗೆ ಗೊತ್ತು?”

“ಸಾಯಂಕಾಲ ಆದ್ರೆ ಸಾಕು, ನನ್ನ ಫೋನ್ ಇವಳದ್ದು,” ಎಂದರು ಅಜ್ಜಿ. “ಆ ಕಾಗೆ ಕತೆ ಕೇಳಿ ಕೇಳಿ ನಂಗೂ ಬಾಯಿಪಾಠ ಆಗಿದೆ.”

ಮಂಚದ ಪಕ್ಕದ ಗೋಡೆಗೆ ಒಂದು ಕಾಗದ ಅಂಟಿಸಿತ್ತು. ನಾಲ್ಕು ಸಮ ಭಾಗ, ಒಂದಕ್ಕೆ ಮಾತ್ರ ಬಣ್ಣ.

ಅಜ್ಜಿ ಅಡುಗೆಮನೆಗೆ ಹೋದ ಮೇಲೆ ಮಿಡತೆ ಮೆಲ್ಲಗೆ ಕೇಳಿದಳು. “ನಿಜ ಹೇಳು. ನನ್ನ ಜಾಗ ಹಾಗೇ ಇದೆ ತಾನೆ? ಜಾಗ ಹೋಗ್ಬಿಡುತ್ತೆ ಅಂತ ನಾನು ಮಿಸ್ ಹತ್ರ ಫೋನಲ್ಲಿ ಅತ್ತಿದ್ದೆ. ಅವತ್ತಿಂದ ಮಿಸ್ ದಿನಾ ಬರೀತಾರೆ. ಆದ್ರೂ... ಯಾರೂ ಇಲ್ವಾ ಅಲ್ಲಿ?”

“ಯಾರೂ ಇಲ್ಲ,” ಎಂದಳು ಹಾಜರಿ. ಹೇಳುವಾಗ ತನ್ನ ಬ್ಯಾಗ್ ಕಣ್ಣ ಮುಂದೆ ಬಂದು ಕೂತಿತು.

ಅವಳು ಒಂದೇ ಉಸಿರಿಗೆ ಮೇಲೆ ಓಡಿದಳು. ಹಾಳೆ ಹುಡುಕಿ, ಬರೆದದ್ದನ್ನೆಲ್ಲ ರಬ್ಬರಿನಿಂದ ಗಸಗಸ ಉಜ್ಜಿದಳು. ಒಂದು ಮೂಲೆ ಹರಿದೂ ಹೋಯಿತು. ಹಾಗೇ ಕೆಳಗೆ ತಂದು ಮಿಡತೆಯ ಮಡಿಲಿಗೆ ಹಾಕಿದಳು.

“ನಂಗೆ ಗೊತ್ತಾಗ್ತಿಲ್ಲ ಕಣೇ. ನೀನೇ ಬರಿ.”

ಮಿಡತೆ ದೊಡ್ಡ ಜಡ್ಜಿನ ಹಾಗೆ ಗಂಟಲು ಸರಿಮಾಡಿಕೊಂಡಳು. “ಬಣ್ಣ... ಇಲ್ಲವೇ ಇಲ್ಲ, ಒಂದು ಸಾಕು. ಚಿತ್ರಕ್ಕೆ ಸೊನ್ನೆ.” ಕಡಿಮೆ ಬಂದರೆ ಸಾರ್ ತೆಗೆದೇಬಿಡ್ತಾರಲ್ಲ ಎಂದು ಹಾಜರಿ ಹಾಳೆಯತ್ತ ಬಾಗಿದಳು. ಮಿಡತೆ ಮುಂದಿನ ಪ್ರಶ್ನೆ ಓದಿದಳು. “ಬೇಡದ ಮಾಹಿತಿನಾ? ಇದ್ಯಾವ ಪ್ರಶ್ನೆ!” ಎನ್ನುತ್ತಾ ‘ಇಲ್ಲ. ಇನ್ನೂ ಬೇಕು’ ಎಂದು ಬರೆದಳು. ಕೊನೆಯ ಪ್ರಶ್ನೆಗೆ ಅವಳು ಯೋಚಿಸಲೂ ಇಲ್ಲ. ‘ನನಗಾಗಿ’ ಎಂದು ಬರೆದು ಹಾಳೆ ವಾಪಸ್ ಕೊಟ್ಟಳು.

ಬೆಳಿಗ್ಗೆ ಹೆಡ್ ಮೇಡಂ ಆ ಹಾಳೆಯನ್ನು ತಿರುಗಿಸಿ ಮುರುಗಿಸಿ ನೋಡಿದರು. “ಇದು ನಿನ್ನ ಅಕ್ಷರ ಅಲ್ವಲ್ಲ?”

“ಅಲ್ಲ ಮೇಡಂ. ಮನೇಲಿರೋ ಮಿಡತೇದು. ನಾನು ಒಂದು ದಿನಾನೂ ರಜೆ ಹಾಕಿಲ್ಲ. ಅದಕ್ಕೆ ನಂಗೆ ಗೊತ್ತಾಗಲಿಲ್ಲ.”

ಹೆಡ್ ಮೇಡಂ ಕೊನೆಯ ಸಾಲನ್ನು ಇನ್ನೊಮ್ಮೆ ಓದಿದರು. ಆಮೇಲೆ ಪಕ್ಕದಲ್ಲಿದ್ದ ಕಂಪ್ಯೂಟರ್ ಸಾರ್ ಕಡೆ ನೋಡಿ, “ಮಾರ್ಕ್ಸ್ ಎಷ್ಟೇ ಬರಲಿ, ಐದನೇ ಕ್ಲಾಸಿನದ್ದನ್ನ ಮುಟ್ಟಬೇಡಿ,” ಎಂದರು.

ಆವತ್ತು ಹಾಜರಿ ಬ್ಯಾಗನ್ನು ಕಾಲ ಕೆಳಗೆ ಇಟ್ಟುಕೊಂಡಳು. ಜಾಗ ಇಕ್ಕಟ್ಟಾಗಿ ಮೊಣಕಾಲು ಬೆಂಚಿಗೆ ತಾಗುತ್ತಿತ್ತು. ಗಣಿತದ ಪಾಠದ ನಡುವೆ ಮಿಸ್ ಕೈ ತಾಗಿ ಚಾಕ್‌ಪೀಸಿನ ಡಬ್ಬಿ ದಡಾರನೆ ಬಿತ್ತು. ಕ್ಲಾಸೆಲ್ಲ ಹೋ ಎಂದು ನಕ್ಕಿತು. ಮಿಸ್ ಕೂಡ ನಕ್ಕು, ಮೇಜಿನ ಮೇಲಿದ್ದ ಚೀಟಿಯಲ್ಲಿ ಏನೋ ಗುರುತು ಹಾಕಿಕೊಂಡರು.

ಅಷ್ಟು ಹೊತ್ತಿಗೆ ಹಾಜರಿ ಬೆಂಚಿನ ಕೆಳಗೆ ತೂರಿ, ಉರುಳಿ ಹೋದ ಚೂರುಗಳನ್ನೆಲ್ಲ ಹೆಕ್ಕುತ್ತಿದ್ದಳು.

“ಮಿಸ್,” ಎಂದು ಅಲ್ಲಿಂದಲೇ ಕೂಗಿದಳು. “ಎಷ್ಟು ಚೂರಾಯ್ತು ಅಂತಾನೂ ಬರೀರಿ. ಅವಳು ಕೇಳ್ತಾಳೆ.”